ಮುಲುಂಡಿನ ಉಪ್ಪಿನಗದ್ದೆಗೆ ಒಂದು ಮುಕ್ಕಾಲಿ

ಕಲ್ಯಾಣದಲ್ಲಿ ಇಳಿದಾಗ ಡಿಸೆಂಬರಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ತುಮಕೂರಿನಲ್ಲಿ ಹತ್ತಿದ ಸಣ್ಣ ಹಳಿಯ ಗಾಡಿ ಹುಬ್ಬಳ್ಳಿ, ಮೀರಜ್ ಎಂದು ಊರೂರು ನಿಂತು ಪುಣೆ ಮುಟ್ಟಿಸಿತ್ತು. ಅಲ್ಲಿ ದೊಡ್ಡ ಹಳಿಯ ಗಾಡಿಗೆ ಬದಲಾಯಿಸಿ, ಹೆಂಗಸರ ಡಬ್ಬಿಯಲ್ಲಿ ಜಾಗ ಸಿಗದೆ ಟ್ರಂಕಿನ ಮೇಲೇ ಕೂತು ಘಾಟಿ ಇಳಿದಿದ್ದೆ. ಮುಂಬಯಿಗೆ ಹೋಗುವವರು ಬೋರಿಬಂದರಿನವರೆಗೆ ಹೋಗುತ್ತಾರೆ. ನಾನು ಹೋಗಬೇಕಾದದ್ದು ಮುಲುಂಡಿಗೆ. ಅದಕ್ಕೆ ಕಲ್ಯಾಣದಲ್ಲೇ ಇಳಿದು ಲೋಕಲ್ ಹಿಡಿಯುವುದು ಸುಲಭವೆಂದು ಹೇಳಿಕೊಟ್ಟವನು ನನ್ನ ಅಣ್ಣ ಶ್ರೀಕಂಠ. ಹಿಂದೆ ಬಂದಾಗೆಲ್ಲ ಅವನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಿದ್ದ. ಈ ಸಲ ಬಂದಿದ್ದವರು ಅತ್ತಿಗೆ ಜಾನಕಿ.

"ಹೇಗಿದ್ದಾನೆ ಅತ್ತಿಗೆ?" ಎಂದೆ.

"ಊಟ ಮಾಡ್ತಾರೆ, ಪೇಪರ್ ಓದ್ತಾರೆ, ಗೋಡೆ ನೋಡ್ತಾರೆ. ಮೆಟ್ಟಿಲು ಮಾತ್ರ ಇಳಿಯಲ್ಲ ಕಣೇ ಲಲಿತಾ."

ಲೋಕಲ್‌ನಲ್ಲಿ ಠಾಣೆ ದಾಟುವಷ್ಟರಲ್ಲಿ ಅತ್ತಿಗೆ ಎಲ್ಲವನ್ನೂ ಹೇಳಿದರು. ಹಿಂದಿನ ಮಳೆಗಾಲದಲ್ಲಿ ಅಣ್ಣನಿಗೆ ಲಕ್ವ ಹೊಡೆದಿತ್ತು. ಮಾತು ಉಳಿದಿತ್ತು; ಬಲಗೈ ಮಾತ್ರ ಹೋದಂತೆಯೇ, ಬಲಗಾಲು ಎಳೆಯುತ್ತಿತ್ತು. ಫೋರ್ಟಿನ ಕಂಪನಿಯೊಂದರಲ್ಲಿ ಅವನದು ನಕ್ಷೆ ಬರೆಯುವ ಕೆಲಸ. ಬರೆಯಲು ಆಗದಿದ್ದರೆ ಬೇರೆಯವರು ಬರೆದದ್ದನ್ನು ನೋಡಿ ತಿದ್ದುವ ಮೇಜು ಕೊಡುತ್ತೇವೆ, ಆದರೆ ತಾನಾಗಿ ನಡೆದು ಬರಬೇಕು ಎಂದು ಸಾಹೇಬರು ಹೇಳಿ ಕಳಿಸಿದ್ದರು. ಡಾಕ್ಟರು ಕೋಲು ಹಿಡಿದು ದಿನವೂ ನಡೆಯಿರಿ ಎಂದಿದ್ದರು. ಅತ್ತಿಗೆ ತಂದ ಬೆತ್ತದ ಕೋಲನ್ನು ಅವನು ಒಂದು ದಿನವೂ ಮುಟ್ಟಿರಲಿಲ್ಲ. ನಲವತ್ತಾರಕ್ಕೇ ಮುದುಕನ ಹಾಗೆ ಬಿಲ್ಡಿಂಗಿನವರ ಎದುರು ಕೋಲೂರಿಕೊಂಡು ಹೋಗಲಾರೆ ಎಂಬುದು ಅವನ ಹಟ.

ನಾನು ಬಂದದ್ದು ಬೇರೆ ಕೆಲಸಕ್ಕೆ. ತುಮಕೂರಿನ ಕೆರೆ ಏರಿಯ ಮೇಲೆ ನನಗೆ ಹಕ್ಕಿ ತೋರಿಸಿಕೊಟ್ಟವನು ಅಣ್ಣ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಸಾಮಾನಿನಲ್ಲಿ ಅವನೊಂದು ಬೈನಾಕ್ಯುಲರ್ ಕೊಂಡಿದ್ದ. ಒಳ್ಳೇ ಭಾರದ್ದು, ಎರಡು ಕೈಗೂ ಕೆಲಸ ಕೊಡುವಂಥದ್ದು. ಈಗ ಎಡಗೈಯೊಂದರಲ್ಲಿ ಎತ್ತಿದರೆ ನಡುಗಿ ನಡುಗಿ ಏನೂ ಕಾಣುವುದಿಲ್ಲವೆಂದು ಅದನ್ನು ಬೀರುವಿನಲ್ಲಿ ಇಟ್ಟುಬಿಟ್ಟಿದ್ದಾನೆ ಎಂದು ಅತ್ತಿಗೆ ಕಾಗದ ಬರೆದಿದ್ದರು. ನಮ್ಮ ಊರಿನ ಫೋಟೋ ಸ್ಟುಡಿಯೋದಲ್ಲಿ ಕ್ಯಾಮೆರಾ ಹೊತ್ತು ನಿಂತಿದ್ದ ಮುಕ್ಕಾಲಿಯನ್ನು ಕಂಡಾಗ ನನಗೆ ಹೊಳೆದದ್ದು ಇಷ್ಟೆ: ಕೈ ಹಿಡಿಯದಿದ್ದರೆ ಮರ ಹಿಡಿಯಲಿ. ಶಾಲೆಗೆ ಕ್ರಿಸ್‌ಮಸ್ ರಜೆ ಬಂದದ್ದೇ ಹೊರಟುಬಿಟ್ಟೆ. ಗಟ್ಟಿಯಾದ ಮುಕ್ಕಾಲಿಯೊಂದನ್ನು ಹುಡುಕಿ, ಅಣ್ಣನನ್ನು ಮುಲುಂಡಿನ ಉಪ್ಪಿನಗದ್ದೆಗೆ ಕರೆದುಕೊಂಡು ಹೋಗದೆ ವಾಪಸು ಬರುವುದಿಲ್ಲವೆಂದು ಮನೆಯವರಿಗೆ ಹೇಳಿಯೇ ಬಂದಿದ್ದೆ.

ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಸೊರಗಿದ್ದ. ನನ್ನನ್ನು ಕಂಡು ನಗಲು ನೋಡಿದ. ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ನನ್ನ ಯೋಚನೆ ಕೇಳಿ, "ಕಾಗೆ ಗುಬ್ಬಿ ನೋಡೋಕೆ ಮುಕ್ಕಾಲಿ ಬೇಕೇನೇ? ಕಿಟಕೀಲೇ ಕಾಣತ್ತೆ" ಎಂದು ಪೇಪರು ಎತ್ತಿಕೊಂಡ.

ಮಾರನೆಯ ದಿನ ಅತ್ತಿಗೆಯೂ ನಾನೂ ಫೋರ್ಟಿಗೆ ಹೋದೆವು. ಬೋರಿಬಂದರಿನಿಂದ ನಡೆದೇ ಹೋಗಬಹುದಾದ ದೂರದಲ್ಲಿ ಕ್ಯಾಮೆರಾ ಅಂಗಡಿಗಳ ಸಾಲಿದೆ. ಮೊದಲ ಅಂಗಡಿಯ ಪಾರಸಿ ಮುದುಕರು ಬಹಳ ಮರ್ಯಾದೆಯಿಂದ ಗಾಜಿನ ಕಪಾಟಿನಿಂದ ಒಂದು ಮುಕ್ಕಾಲಿ ತೆಗೆದರು. ಪರದೇಶದ್ದು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಒಂದರೊಳಗೊಂದು ಕೊಳವೆ ಸೇರಿಕೊಂಡು ಚೀಲದಲ್ಲಿ ಹಿಡಿಯುವಷ್ಟು ಚಿಕ್ಕದಾಗುತ್ತಿತ್ತು. ಅತ್ತಿಗೆಗೆ ನೋಡಿದ ಕೂಡಲೇ ಹಿಡಿಸಿತು. ನಾನು ಅದನ್ನು ಪೂರ್ತಿ ಎತ್ತರಕ್ಕೆ ಎಳೆದು ನಿಲ್ಲಿಸಿ, ತಲೆಯ ಮೇಲೆ ಎರಡು ಅಂಗೈ ಇಟ್ಟು ಒತ್ತಿದೆ. ಸಣ್ಣ ಕೊಳವೆಗಳು ಸರಕ್ಕನೆ ಒಳಗೆ ಜಾರಿದವು.

"ಬಾಯೀ, ಯೇ ಫೋಟೋ ಕೇ ಲಿಯೇ ಹೈ, ಬೈಠನೇ ಕೇ ಲಿಯೇ ನಹೀಂ" ಎಂದರು ಮುದುಕರು. ಇದೇನು ಕೂರುವ ಮಣೆಯೇ ಎಂದು ಅವರಿಗೆ ನೋವಾಗಿತ್ತು.

ಇನ್ನೊಂದು ತೋರಿಸಿ ಎಂದೆ. ಇನ್ನೊಂದೂ ಹಾಗೆಯೇ. ಪಕ್ಕದ ಅಂಗಡಿಯದು ಜಾರಲಿಲ್ಲ, ಆದರೆ ಬೆರಳಿನಿಂದ ತಟ್ಟಿದರೆ ತಲೆ ಬಹಳ ಹೊತ್ತು ಅದುರುತ್ತಿತ್ತು. ಆ ಅದುರಿನಲ್ಲಿ ಹಕ್ಕಿಯ ಕಾಲಿನ ಬಣ್ಣ ತಿಳಿಯುವುದು ಹೇಗೆ? ಮೂರನೆಯ ಅಂಗಡಿಯಲ್ಲಿ ತಿರುಪುಗಳೆಲ್ಲ ತೆಳು ತಗಡಿನವು. ಸಮುದ್ರದ ಉಪ್ಪುಗಾಳಿಗೆ ಒಂದು ಮಳೆಗಾಲವೂ ಬಾಳುವಂಥವಲ್ಲ. ಹಿಡಿ, ಒತ್ತು, ತಟ್ಟು, ತಿರುಗಿಸು ಎಂದು ನಾನು ಒಂದೊಂದನ್ನೂ ಪರೀಕ್ಷೆ ಮಾಡುತ್ತಿದ್ದರೆ ಅಂಗಡಿಯವರ ಮುಖ ಸಣ್ಣದಾಗುತ್ತಿತ್ತು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಕೊಳ್ಳೋದು ಕಾಣೆ, ಎಲ್ಲಾನೂ ಮುರಿದು ಹೋಗ್ತೀಯೇನೋ ಅನ್ನಿಸ್ತಿದೆ ನಂಗೆ" ಎಂದರು.

ಬೇಕಾದದ್ದು ಸಿಕ್ಕಿದ್ದು ಹೊಸ ಅಂಗಡಿಯಲ್ಲಲ್ಲ, ಚೋರ್ ಬಜಾರಿನಲ್ಲಿ. ಟ್ರಾಮ್ ಇಳಿದು ಬಿಸಿಲಲ್ಲಿ ಅಲೆದೂ ಅಲೆದೂ ಕಾಲು ಸೋತಿದ್ದಾಗ, ಹಳೇ ಗಡಿಯಾರ ಮತ್ತು ಹಿತ್ತಾಳೆ ದೀಪಗಳ ರಾಶಿಯ ಹಿಂದೆ ಅದು ಗೋಡೆಗೆ ಒರಗಿ ನಿಂತಿತ್ತು. ಭೂಮಿ ಅಳೆಯುವ ಸರ್ವೆಯವರ ಮುಕ್ಕಾಲಿ. ಸಾಗುವಾನಿಯ ಗಟ್ಟಿ ಕಾಲುಗಳು, ತುದಿಗೆ ಕಬ್ಬಿಣದ ಮೊನೆ, ತಲೆಗೆ ಹಿತ್ತಾಳೆಯ ತಟ್ಟೆ. ನಿಲ್ಲಿಸಿ ಮೈಭಾರವೆಲ್ಲ ಹಾಕಿ ಒತ್ತಿದೆ. ಕದಲಲಿಲ್ಲ. ತಟ್ಟಿದೆ. ಅದುರಲಿಲ್ಲ. ಭಾರವೇನೋ ಇತ್ತು, ಆದರೆ ಭಾರವಿದ್ದದ್ದು ತಾನೇ ನಿಲ್ಲುವುದು ಎಂದು ಸಮಾಧಾನ ಮಾಡಿಕೊಂಡೆ. ಅತ್ತಿಗೆಯೂ ನಾನೂ ಪಾತ್ರೆ ಹೊತ್ತ ಹಾಗೆ ಎರಡು ತುದಿ ಹಿಡಿದುಕೊಂಡು ಲೋಕಲ್ ಹತ್ತಿದೆವು. ಹೆಂಗಸರ ಡಬ್ಬಿಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬಾಕೆ ತನ್ನ ಬುಟ್ಟಿಗೆ ಬಿದ್ದೀತೆಂದು ದಾರಿಯುದ್ದಕ್ಕೂ ಬೈದಳು.

ಅಣ್ಣ ಅದನ್ನು ಕಂಡವನೇ ಪೇಪರು ಕೆಳಗಿಟ್ಟ. ನಕ್ಷೆಯವನಿಗೆ ಸರ್ವೆ ಸಾಮಾನಿನ ಪರಿಚಯವಿಲ್ಲದೆ ಇರುತ್ತದೆಯೇ? ಎಡಗೈಯಿಂದ ಹಿತ್ತಾಳೆಯನ್ನು ಸವರಿದ. "ಇದನ್ನ ಹಕ್ಕಿಗೆ ತಂದ್ಯಾ! ಬೆಟ್ಟ ಅಳೀಬಹುದಲ್ಲೇ ಇದರಲ್ಲಿ" ಎಂದ. ಆ ರಾತ್ರಿ ಊಟದ ಹೊತ್ತಿಗೆ ತಾನಾಗಿಯೇ, "ನಾಳೆ ಬೆಳಿಗ್ಗೆ ಬಿಲ್ಡಿಂಗಿನವರು ಏಳೋಕೆ ಮುಂಚೆ ಹೋಗಿಬರೋಣ" ಎಂದ. ಅತ್ತಿಗೆ ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು.

ಬೆಳಕು ಹರಿಯುವ ಮೊದಲೇ ನನ್ನ ಹೆಗಲು ಹಿಡಿದು ಅವನು ಮೆಟ್ಟಿಲು ಇಳಿದ. ಅತ್ತಿಗೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ರೈಲು ಹಳಿ ದಾಟಿ ಪೂರ್ವಕ್ಕೆ ಹೋದರೆ ಮನೆಗಳು ಮುಗಿದು ಉಪ್ಪಿನಗದ್ದೆ ಶುರುವಾಗುತ್ತದೆ. ಸಮುದ್ರದ ನೀರು ನಿಲ್ಲಿಸಿ ಉಪ್ಪು ತೆಗೆಯುವ ಮಡಿಗಳು, ನಡುವೆ ಕಿರಿದಾದ ಬದುಗಳು, ಆಚೆಗೆ ಠಾಣೆಯ ಕೊಲ್ಲಿ. ಚಳಿಗಾಲದಲ್ಲಿ ಉತ್ತರದಿಂದ ಬರುವ ಹಕ್ಕಿಗಳಿಗೆ ಅದೇ ಛತ್ರ. ಮೆಟ್ಟುಗಾಲು ಹಕ್ಕಿಗಳು ಕೆಂಪು ಕಡ್ಡಿಯಂಥ ಕಾಲಿನ ಮೇಲೆ ನಡೆದಾಡುತ್ತಿದ್ದವು. ದೂರದಲ್ಲಿ ಬೂದು ಬಣ್ಣದ ಒಂದು ಹಿಂಡು ಕೆಸರು ಕುಕ್ಕುತ್ತಿತ್ತು. ಗೊರವಗಳೆಂದು ಕಾಣುತ್ತಿತ್ತು, ಕೆಂಗಾಲಿನವೋ ಹಸಿರುಗಾಲಿನವೋ ಬರಿಗಣ್ಣಿಗೆ ತಿಳಿಯುವಂತಿರಲಿಲ್ಲ.

"ನಾನೇ ನಿಲ್ಲಿಸ್ತೀನಿ, ಬಿಡು" ಎಂದ ಅಣ್ಣ.

ಬಿಟ್ಟೆ. ಮುಕ್ಕಾಲಿ ಬಿಡಿಸಲು ಎರಡು ಕಾಲು ಹಿಡಿದು ಮೂರನೆಯದನ್ನು ಎಳೆಯಬೇಕು. ಒಂದೇ ಕೈಗೆ ಅದು ಒಗ್ಗಲಿಲ್ಲ. ಒಂದು ಕಾಲನ್ನು ಮೊಣಕಾಲಿನಿಂದ ಒತ್ತಿ ಹೇಗೋ ಬಿಡಿಸಿದ. ಆಗ ಬದುವಿನ ಅಗಲ ಸಾಲಲಿಲ್ಲ. ಎರಡು ಕಾಲು ಬದುವಿನ ಮೇಲೆ ಗಟ್ಟಿಯಾಗಿ ನಿಂತವು, ಮೂರನೆಯದು ಮಡಿಯ ಕೆಸರಿಗೆ ಇಳಿಯಿತು, ಇಳಿಯುತ್ತಲೇ ಹೋಯಿತು. ಇಡೀ ಮುಕ್ಕಾಲಿ ನಿಧಾನವಾಗಿ ವಾಲಿ ನೀರಿಗೆ ಬಿತ್ತು. ಆ ಸದ್ದಿಗೆ ಗೊರವಗಳು ಕೂಗುತ್ತಾ ಎದ್ದು ಕೊಲ್ಲಿಯ ಕಡೆ ಹಾರಿಹೋದವು. ಅಂಗಡಿ ಅಂಗಡಿಯಲ್ಲಿ ಒತ್ತಿ ತಟ್ಟಿ ನೋಡಿದ ನಾನು, ಅದು ನಿಲ್ಲಬೇಕಾದ ನೆಲ ಯಾವುದು, ನಿಲ್ಲಿಸಬೇಕಾದ ಕೈ ಯಾವುದು ಎಂದು ಯೋಚಿಸಿಯೇ ಇರಲಿಲ್ಲ.

ಅಣ್ಣ ಬದುವಿನ ಮೇಲೆ ಕೂತುಬಿಟ್ಟ. "ಸಾಕು ಲಲಿತಾ. ನಾಳೆನೇ ವಾಪಸ್ ಕೊಟ್ಟು ಬಾ. ನನ್ನ ಪಾಡಿಗೆ ನನ್ನ ಬಿಡು."

ನಾನು ಕೆಸರಿನಿಂದ ಮುಕ್ಕಾಲಿ ಎತ್ತಿ ಮಡಿಸಿದೆ. ಹಿಂದಿರುಗುವಾಗ ಅವನು ನನ್ನ ಹೆಗಲು ಹಿಡಿಯಲಿಲ್ಲ, ಕೋಪವಿತ್ತು. ಮಡಿಸಿದ ಮುಕ್ಕಾಲಿಯನ್ನು ನನ್ನ ಕೈಯಿಂದ ಕಿತ್ತುಕೊಂಡ. ಹೊತ್ತು ನಡೆಯಲು ಆಗದೆ ನೆಲಕ್ಕೆ ಊರಿದ. ಊರಿ ಒಂದು ಹೆಜ್ಜೆ, ಮತ್ತೆ ಊರಿ ಇನ್ನೊಂದು. ರೈಲು ಹಳಿಯವರೆಗೂ ಹಾಗೇ ಬಂದ. ಎಳೆಯುತ್ತಿದ್ದ ಬಲಗಾಲು ಅಷ್ಟು ಎಳೆಯಲಿಲ್ಲ. ನಾನು ಹಿಂದೆ ಹಿಂದೆ ನಡೆದೆ.

ಮನೆಗೆ ಬಂದು ಕಾಫಿ ಕುಡಿದ ಮೇಲೆ ಹೇಳಿದೆ: "ಅಣ್ಣ, ಮೂರು ಕಾಲು ಬೇಡ. ಒಂದೇ ಕಾಲಿನದ್ದು ಸಾಕು. ಊರಿ, ಮೇಲೆ ಬೈನಾಕ್ಯುಲರ್ ಇಟ್ಟರೆ ನಡುಗಲ್ಲ."

ಅವನಿಗೆ ಅರ್ಥವಾಗದೆ ಇರುತ್ತದೆಯೇ? ಮುಖ ಕೆಂಪಾಯಿತು. "ಕೋಲು ಅಂತ ಹೇಳು. ಅಷ್ಟು ದೂರದಿಂದ ನನಗೆ ಕೋಲು ಹಿಡಿಸೋಕೆ ಬಂದ್ಯಾ? ಇವಳು ಬರೆದು ಕರೆಸಿದ್ಲಾ?"

"ಯಾರೂ ಕರೆಸಲಿಲ್ಲ. ಹಕ್ಕಿ ನೋಡೋಕೇ ಬಂದಿದ್ದು. ಆದರೆ ಹೌದು, ಅದು ಕೋಲೇ. ನಾನು ಸುಳ್ಳು ಹೇಳಲ್ಲ. ಇವತ್ತು ಅಷ್ಟು ದೂರ ನೀನು ಅದನ್ನೇ ಊರಿಕೊಂಡು ಬಂದೆ."

ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರು ಗಂಡನ ಎದುರು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಬಿಲ್ಡಿಂಗಿನವರು ನೋಡ್ತಾರೆ ಅಂತೀರಲ್ರೀ. ನೀವು ಆ ಕುರ್ಚೀಲಿ ಕೂತಿರೋದನ್ನ ದಿನಾ ಬೆಳಗಾದರೆ ನೋಡ್ತಿರೋಳು ನಾನು. ನನ್ನ ಕಣ್ಣು ಕಣ್ಣಲ್ವಾ?" ಎಂದು ಹೇಳಿ ಒಳಗೆ ಹೋದರು.

ಸಂಜೆ ನಾನು ಪೇಟೆಯಿಂದ ತರಕಾರಿ ತಂದಾಗ ಅಣ್ಣ ನೆಲದ ಮೇಲೆ ಕಾಗದ ಹರಡಿಕೊಂಡು, ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಏನೋ ಗೀಚುತ್ತಿದ್ದ. ಗೆರೆಗಳು ಮಕ್ಕಳು ಬರೆದ ಹಾಗೆ ಸೊಟ್ಟಗಿದ್ದವು. ಆದರೆ ಚಿತ್ರ ಸ್ಪಷ್ಟವಾಗಿತ್ತು: ಮುಕ್ಕಾಲಿಯ ಒಂದೇ ಕಾಲು, ತುದಿಯ ಕಬ್ಬಿಣದ ಮೊನೆಗೆ ಕೆಸರಲ್ಲಿ ಇಳಿಯದಂತೆ ಒಂದು ಬಿಲ್ಲೆ, ನಡುವೆ ಹಿಡಿಯಲು ಸುತ್ತಿದ ಚರ್ಮ, ಮೇಲೆ ಮರದ ಕವಲಿನಂಥ ಒಂದು ಕವೆ.

"ಬೈನಾಕ್ಯುಲರ್ ಕೊರಳಲ್ಲೇ ಇರಲಿ. ಕವೆ ಮೇಲೆ ಇಟ್ಟರೆ ಆಯ್ತು, ತಿರುಪು ಬೇಡ, ಎರಡನೇ ಕೈ ಬೇಡ. ಬಿದಿರು ಬೇಡ, ಸೀಳತ್ತೆ. ಈ ಸಾಗುವಾನಿ ನಮ್ಮೆಲ್ಲರಿಗಿಂತ ಹೆಚ್ಚು ಬಾಳತ್ತೆ" ಎಂದ. ಆಮೇಲೆ ತಲೆಯೆತ್ತದೆ, "ಜೋಗೇಶ್ವರಿಯಲ್ಲಿ ಲೇತ್ ಇಟ್ಟಿರೋ ಸರ್ದಾರ್ಜಿ ಒಬ್ಬ ನನಗೆ ಗೊತ್ತು. ನಾನೇ ಬರ್ತೀನಿ. ನೀನು ಹೇಳಿದ್ರೆ ಅವನು ಕವೆ ಬದಲು ಕೊಕ್ಕೆ ಮಾಡಿಕೊಡ್ತಾನೆ" ಎಂದ.

ಮುಲುಂಡಿನಿಂದ ಜೋಗೇಶ್ವರಿಗೆ ಹಕ್ಕಿಯಾದರೆ ಗುಡ್ಡ ದಾಟಿ ನೇರ ಹೋಗುತ್ತದೆ. ಮನುಷ್ಯರು ದಾದರಿನವರೆಗೆ ಕೆಳಗಿಳಿದು, ಸೇತುವೆ ಹತ್ತಿ, ಆಚೆ ಲೈನಿನ ಲೋಕಲ್ ಹಿಡಿದು ಮತ್ತೆ ಮೇಲೆ ಹೋಗಬೇಕು. ಮಾರನೆಯ ದಿನ ಆಫೀಸಿನವರ ನೂಕುನುಗ್ಗಲು ಮುಗಿದ ಮೇಲೆ ಹೊರಟೆವು. ಮಡಿಸಿದ ಮುಕ್ಕಾಲಿಯನ್ನು ಅಣ್ಣ ಎಡಗೈಯಲ್ಲಿ ಊರಿಕೊಂಡಿದ್ದ. ಕೆಳಗಿನ ಮನೆಯವರು ಬಾಗಿಲಲ್ಲಿ ನಿಂತು, "ಕಾಯ್ ಸಾಹೇಬ್, ಬರೇ ಆಹಾತ್ ನಾ?" ಎಂದು ಕ್ಷೇಮ ವಿಚಾರಿಸಿದರು. "ಬರಾ, ಬರಾ" ಎಂದು ಅವನು ನಿಲ್ಲದೆ ನಡೆದ. ಗಾಡಿ ಬಂದಾಗ ನಾನು ತೋಳು ಹಿಡಿಯಲು ಹೋದೆ. "ಹಿಡೀಬೇಡ, ಲಯ ತಪ್ಪತ್ತೆ" ಎಂದು ಮೊದಲು ಮುಕ್ಕಾಲಿ, ಆಮೇಲೆ ಎಡಗಾಲು, ಕೊನೆಗೆ ಬಲಗಾಲು ಎಂದು ಹತ್ತಿದ. ಗಾಡಿ ಹೊರಟಾಗ ಅವನ ಹಣೆ ಒದ್ದೆಯಾಗಿತ್ತು.

ಕಷ್ಟವಾದದ್ದು ದಾದರಿನ ಸೇತುವೆ. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಬಲಗಾಲು ನಡುಗತೊಡಗಿತು. ಇನ್ನೊಂದು ಗಾಡಿ ಬಂದು, ಇಳಿದ ಜನವೆಲ್ಲ ನಮ್ಮ ಬೆನ್ನಿಗೇ ಬಂದರು. "ಅರೇ ಚಲೋ ಭಾಯ್!" ಎಂದು ಯಾರೋ ಕೂಗಿದರು. ನಾನು ಅವನ ಹಿಂದೆ ಕೈ ಅಗಲಿಸಿ ನಿಂತೆ. ಜನ ಎರಡು ಬದಿಗೂ ನದಿಯ ಹಾಗೆ ಒಡೆದು ಹೋದರು.

"ಸ್ವಲ್ಪ ಕೂತ್ಕೊಳೋಣ ಅಣ್ಣ."

"ಕೂತ್ರೆ ಏಳಲ್ಲ ನಾನು. ನಡಿ."

ನಡೆದ. ಸೇತುವೆ ಇಳಿದ ಮೇಲೆ ಸ್ಟೇಷನ್ನಿನ ಹೊರಗಿದ್ದ ಉಡುಪಿ ಹೋಟೆಲಿನಲ್ಲಿ ಕೂತು ಇಡ್ಲಿ, ಕಾಫಿ ಹೇಳಿದೆವು. ಸಾಂಬಾರಿಗೆ ಬೆಲ್ಲ ಹೆಚ್ಚಾಗಿತ್ತು. ಆ ಹಸಿವಿಗೆ ಅದೂ ರುಚಿಸಿತು. ಗಲ್ಲಾಪೆಟ್ಟಿಗೆಯ ಹಿಂದಿದ್ದ ಕುಂದಾಪುರದ ಯಜಮಾನರು ಮುಕ್ಕಾಲಿ ನೋಡಿ, "ಎಂತ ಸ್ವಾಮಿ, ಜಾಗ ಅಳೀಲಿಕ್ಕೆ ಹೊರಟದ್ದಾ? ದಾದರಲ್ಲಿ ಎಲ್ಲುಂಟು ಜಾಗ?" ಎಂದರು.

"ಮುಲುಂಡಲ್ಲಿ ಇದೆ. ಆದರೆ ಅದು ಹಕ್ಕಿಗಳದು" ಎಂದ ಅಣ್ಣ. ಲಕ್ವದ ನಂತರ ಅವನು ಅಪರಿಚಿತರೊಡನೆ ತಮಾಷೆ ಮಾಡಿದ್ದು ಅದೇ ಮೊದಲಿರಬೇಕು.

ಜೋಗೇಶ್ವರಿಯ ಕಾರ್ಖಾನೆ ತಗಡಿನ ಮಾಡಿನ ಒಂದು ಕೊಟ್ಟಿಗೆ. ಒಳಗೆ ಎಣ್ಣೆಯ ವಾಸನೆ, ಕಬ್ಬಿಣದ ಸುರುಳಿ ಚೂರು. ಸರ್ದಾರ್ಜಿ ಅಣ್ಣನನ್ನು ಕಂಡು ತಬ್ಬಿಕೊಂಡ. ಆದರೆ ಕೆಲಸ ಏನೆಂದು ಕೇಳಿ ಹಿಂದೆ ಸರಿದ. ಇಂಥ ಒಳ್ಳೆಯ ವಸ್ತುವನ್ನು ಕೆಡಿಸುವುದು ಪಾಪವೆಂದು ಅವನ ವಾದ. ಹಿತ್ತಾಳೆಯ ತಲೆಯನ್ನು ತಟ್ಟುತ್ತಾ ಕೇಳಿದ: "ಬಾಬೂಜಿ, ತೀನ್ ಪೈರ್ ಕೀ ಚೀಜ್ ಹೈ. ಏಕ್ ನಿಕಾಲ್ ದೂಂ ತೋ ಬಾಕೀ ದೋ?" ಮೂರರಲ್ಲಿ ಒಂದನ್ನು ತೆಗೆದರೆ ಉಳಿದ ಎರಡರ ಗತಿ ಏನು?

ಅಣ್ಣ ತನ್ನ ಕಾಲುಗಳನ್ನು ತೋರಿಸಿದ. "ಬಾಕೀ ದೋ ಮೇರೇ ಪಾಸ್ ಹೈಂ."

ಸರ್ದಾರ್ಜಿ ಪಾನಾ ಎತ್ತಿಕೊಂಡು ತಿರುಪು ಬಿಚ್ಚತೊಡಗಿದ. ಅಣ್ಣ ಪೆಟ್ಟಿಗೆಯೊಂದರ ಮೇಲೆ ಕೂತು ಒಂದೊಂದನ್ನೂ ಹೇಳಿ ಮಾಡಿಸಿದ. ಕವೆಯ ಬಾಗು ಹೆಚ್ಚಾಯಿತೆಂದು ಬಿಚ್ಚಿಸಿ ಇನ್ನೊಮ್ಮೆ ಬಡಿಸಿದ. ಬಿಲ್ಲೆಗೆ ಮೊದಲು ತಂದ ತಗಡು ತುಕ್ಕು ಹಿಡಿಯುತ್ತದೆಂದು ಬೇಡವೆಂದ; ಹಳೆಯ ತಲೆಯ ಹಿತ್ತಾಳೆಯನ್ನೇ ಕತ್ತರಿಸಿ ಹಾಕಿಸಿದ. ಹಿಡಿಯ ಎತ್ತರ ತನ್ನ ಕೈಗೆ ಕೂಡಿತೇ ಎಂದು ಎದ್ದು, ನಿಂತು, ಊರಿ, ಬಾಗಿ ನೋಡಿದ. ನಾನು ಫೋರ್ಟಿನಲ್ಲಿ ಅಂಗಡಿಯವರಿಗೆ ಕೊಟ್ಟ ಕಾಟ ಅದರ ಮುಂದೆ ಏನೂ ಅಲ್ಲ. ಮುಗಿದಾಗ ಅವನ ಎದೆಯೆತ್ತರದ ಗಟ್ಟಿ ದಂಡವೊಂದು ಸಿದ್ಧವಾಗಿತ್ತು. ಹಿಂದಿರುಗುವಾಗ ದಾದರಿನ ಸೇತುವೆಯ ಮೇಲೆ ಅವನು ಮತ್ತೆ ನಿಂತ. ಆದರೆ ಈ ಸಲ ದಂಡಕ್ಕೆ ಒರಗಿ ಉಸಿರು ತಂದುಕೊಂಡು ತಾನೇ ಹೊರಟ.

ಮತ್ತೆ ಉಪ್ಪಿನಗದ್ದೆಗೆ ಹೋದದ್ದು ಬಿಸಿಲು ಬಂದ ಮೇಲೆ, ಬಿಲ್ಡಿಂಗಿನವರೆಲ್ಲ ಎದ್ದಿದ್ದ ಹೊತ್ತಿನಲ್ಲಿ. ಅತ್ತಿಗೆಯೂ ಬಂದರು. ಬದುವಿನ ಮೇಲೆ ಅಣ್ಣ ದಂಡ ಊರಿದ. ಬಿಲ್ಲೆಯವರೆಗೆ ಇಳಿದು ನಿಂತಿತು. ಕೊರಳಲ್ಲಿದ್ದ ಬೈನಾಕ್ಯುಲರನ್ನು ಎಡಗೈಯಿಂದ ಎತ್ತಿ ಕವೆಯ ಮೇಲೆ ಇಟ್ಟು, ಬಾಗಿ ಕಣ್ಣು ಹಚ್ಚಿದ. ಉಪ್ಪು ಎಳೆಯುವ ಆಳುಗಳು ದೂರದಲ್ಲಿ ಹಲಗೆ ನೂಕುವ ಸದ್ದು ಮಾತ್ರ ಕೇಳುತ್ತಿತ್ತು.

"ಏನು ಕಾಣ್ತಿದೆ?" ಎಂದೆ, ತಡೆಯಲಾರದೆ.

"ಎರಡೂ ಇವೆ ಕಣೇ. ಮುಂದಿರೋವು ಕೆಂಗಾಲು. ಹಿಂದೆ ಒಂದೇ ಒಂದು ಹಸಿರುಗಾಲು, ಕೊಕ್ಕು ಚೂರು ಮೇಲಕ್ಕೆ ಬಾಗಿದೆ. ನೋಡು, ನೋಡು, ಮೀನು ಅಟ್ಟಿಸಿಕೊಂಡು ಓಡ್ತಿದೆ!" ಅವನ ದನಿ ಕೆರೆ ಏರಿಯ ಮೇಲಿನ ದನಿಯಾಗಿತ್ತು. ನನ್ನ ಸರದಿಗೆ ಅವನು ಬಿಡಲೇ ಇಲ್ಲ. ಅತ್ತಿಗೆಯನ್ನು ಕರೆದು ತೋರಿಸಿದ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿ ನೋಡಿ, "ಅಯ್ಯೋ, ಎಷ್ಟು ಹತ್ತಿರ! ಕಣ್ಣು ಮಿಟುಕಿಸಿದ್ದೂ ಕಾಣತ್ತಲ್ರೀ" ಎಂದು ಹಿಂದೆ ಸರಿದು ಮತ್ತೆ ಬಾಗಿದರು.

ಆಮೇಲಿನ ದಿನಗಳಲ್ಲಿ ಅವನು ದಿನವೂ ಹೊರಟ. ಒಮ್ಮೆ ನಾನಿಲ್ಲದೆ, ಒಮ್ಮೆ ಇಬ್ಬರೂ ಇಲ್ಲದೆ. ಒಂದು ದಿನ ಬೋರಿಬಂದರಿನವರೆಗೆ ಹೋಗಿ ಆಫೀಸಿನ ಮೆಟ್ಟಿಲು ಹತ್ತಿ ಸಾಹೇಬರಿಗೆ ಮುಖ ತೋರಿಸಿ ಬಂದ. ಅಂದು ರಾತ್ರಿ ಕಾಲು ಊದಿಕೊಂಡಿತ್ತು. ಅತ್ತಿಗೆ ಬಿಸಿನೀರು ತಂದಿಟ್ಟರು. "ಸೋಮವಾರದಿಂದ ಬರೋಕೆ ಹೇಳಿದ್ದಾರೆ" ಎಂದಷ್ಟೇ ಹೇಳಿ ಕಾಲು ಅದ್ದಿಕೊಂಡು ಕೂತ.

ನನ್ನ ಗಾಡಿ ಭಾನುವಾರ. ಕಲ್ಯಾಣದವರೆಗೆ ತಾನೊಬ್ಬನೇ ಬಂದು ಹತ್ತಿಸುತ್ತೇನೆ ಎಂದ. ಅತ್ತಿಗೆ ದಾರಿಗೆ ಪುಳಿಯೋಗರೆ ಕಟ್ಟಿಕೊಟ್ಟು ಬಾಗಿಲಲ್ಲೇ ನಿಂತರು. ಕಲ್ಯಾಣದಲ್ಲಿ ಪುಣೆಯ ಗಾಡಿ ನಿಲ್ಲುವುದು ಸ್ವಲ್ಪವೇ ಹೊತ್ತು. ಕೂಲಿ ಟ್ರಂಕು ಒಳಗೆ ತಳ್ಳಿದ. ಅಣ್ಣ ಕಿಟಕಿಯ ಬಳಿ ಬಂದು, "ಬೇಸಿಗೇಲಿ ಬರಬೇಡ, ಹಕ್ಕಿ ಇರಲ್ಲ. ಮುಂದಿನ ಚಳಿಗೆ ಬಾ" ಎಂದು ಹೇಳಿ, ಗಾಡಿ ಹೊರಡುವುದನ್ನೂ ಕಾಯದೆ ಮುಲುಂಡಿನ ಲೋಕಲ್‌ಗೆಂದು ಸೇತುವೆಯ ಕಡೆ ತಿರುಗಿದ.

ಕಿಟಕಿಯಿಂದ ನೋಡುತ್ತಿದ್ದೆ. ಒಂದೊಂದೇ ಮೆಟ್ಟಿಲು, ದಂಡ ಊರಿ, ಕಾಲು ಎತ್ತಿ, ಹತ್ತಿದ. ಸೇತುವೆಯ ನಡುವೆ ನಿಂತ. ಜನ ಅವನ ಎರಡು ಬದಿಗೂ ಹರಿಯುತ್ತಿದ್ದರು. ಸುಸ್ತಾಯಿತೇನೋ, ಇಳಿದು ಹೋಗಲೇ ಎಂದು ಎದ್ದು ನಿಂತೆ. ಅಷ್ಟರಲ್ಲಿ ಗಾಡಿ ಕದಲಿತು. ಕೈ ಬೀಸಿದೆ, ಅವನು ನೋಡಲಿಲ್ಲ. ಅವನು ನನ್ನ ಕಡೆಗೆ ತಿರುಗಿಯೇ ಇರಲಿಲ್ಲ. ಕೊರಳಲ್ಲಿದ್ದ ಬೈನಾಕ್ಯುಲರನ್ನು ಕವೆಯ ಮೇಲಿಟ್ಟು, ಯಾರ್ಡಿನಾಚೆ ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಕೂತಿದ್ದ ಯಾವುದೋ ದೊಡ್ಡ ಹಕ್ಕಿಯನ್ನು ನೋಡುತ್ತಿದ್ದ. ಗಾಡಿ ತಿರುವು ತೆಗೆದುಕೊಂಡು ಸೇತುವೆ ಮರೆಯಾಗುವವರೆಗೂ ಅವನು ಅಲ್ಲಾಡಲಿಲ್ಲ.